ಪಥ್ಯದ ನಾಯಿ, ದಾರಿಯ ಪೇಡೆ: ಹೊರಗಿನ ತಿಂಡಿಯಿಂದ ಬಂದ ತೊಂದರೆ ಪತ್ತೆ ಹಚ್ಚುವುದು

ನಮ್ಮ ಬೆಳ್ಳಿ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್. ಮೈಬಣ್ಣ ಹಾಲಿನ ಕೆನೆಯದು, ಆದರೆ ಹಾಲು ಅವಳಿಗೆ ಆಗಿಬರುವುದಿಲ್ಲ. ಕೋಳಿ, ಗೋಧಿಯೂ ಆಗಲ್ಲ. ಎರಡು ವರ್ಷದ ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಎಣ್ಣೆ, ಕೊಬ್ಬೂ ಬಂದ್. ಡಾಕ್ಟರ್ ಬರೆದುಕೊಟ್ಟ ನಾಯಿ ಆಹಾರದ ಒಣ ಕಾಳು ಮತ್ತು ನೀರು, ಇಷ್ಟೇ ಅವಳ ಊಟ. ಮನೆಯೊಳಗೆ ಇದು ಸಲೀಸು. ಗೇಟು ದಾಟಿದರೆ ಕಷ್ಟ ಶುರು. ಬಳ್ಳಾರಿಯಲ್ಲಿ ಸಂಜೆ ಆರಕ್ಕೆ ನಾಯಿ ಹಿಡಿದುಕೊಂಡು ಹೊರಟರೆ ಒಗ್ಗರಣಿ-ಮಿರ್ಚಿ ಬಂಡಿಯವನಿಂದ ಹಿಡಿದು ಗುಡಿ ಮುಂದೆ ಕೂತ ಅಜ್ಜಿಯವರೆಗೆ ಎಲ್ಲರ ಕೈಯಲ್ಲೂ ಅವಳಿಗೊಂದು ತುತ್ತು ಇದ್ದೇ ಇರುತ್ತದೆ. ಕೊಡುವವರಲ್ಲಿ ಒಬ್ಬರದ್ದೂ ಕೆಟ್ಟ ಮನಸ್ಸಲ್ಲ.

ನಾನು ಪಂಪ್‌ಸೆಟ್ ರಿಪೇರಿ ಮಾಡುವವನು, ಪಶುವೈದ್ಯನಲ್ಲ. ಮೋಟರ್ ಓಡುತ್ತಿಲ್ಲ ಎಂದು ರೈತ ಬಂದರೆ ಮೊದಲು ಕರೆಂಟ್ ಇದೆಯಾ ನೋಡುತ್ತೇವೆ, ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರ್. ಬೋರ್‌ನಿಂದ ಮೋಟರ್ ಎತ್ತುವುದು ಕಟ್ಟಕಡೆಗೆ. ನಾಯಿಯ ವಿಷಯದಲ್ಲಿ ಮಾತ್ರ ನಾನೇ ಇದನ್ನು ಮರೆತು ಮೊದಲು ಔಷಧಿಯನ್ನು ಅನುಮಾನಿಸಿದೆ, ಆಮೇಲೆ ಡಾಕ್ಟರನ್ನು, ಆಮೇಲೆ ದುಬಾರಿ ಕಾಳನ್ನು. ಇದ್ದದ್ದು ಬರೀ ಸೋರಿಕೆ, ಅಂದರೆ ಪಥ್ಯದ ಆಚೆಯಿಂದ ಬಾಯಿಗೆ ಬೀಳುವ ತುತ್ತು. ಪಥ್ಯದ ಊಟ ಕೆಲಸ ಮಾಡುತ್ತಿಲ್ಲ ಅನಿಸಿದಾಗ, ಪಥ್ಯ ನಿಜಕ್ಕೂ ನಡೆಯುತ್ತಿದೆಯೇ ಎಂದು ಮೊದಲು ನೋಡಬೇಕು. ಕೆಳಗಿರುವುದೆಲ್ಲ ಅದೇ ಕ್ರಮದಲ್ಲಿದೆ.

ಓದುವುದು ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಹೊತ್ತು

ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ:

- ಹೊಟ್ಟೆ ನಗಾರಿಯಂತೆ ಬಿಗಿದು, ಎಷ್ಟು ಓಕರಿಸಿದರೂ ಏನೂ ಹೊರಗೆ ಬರುತ್ತಿಲ್ಲ. ದೊಡ್ಡ ತಳಿಗಳಲ್ಲಿ ಜಠರ ತಿರುಚಿಕೊಂಡರೆ ಹೀಗಾಗುತ್ತದೆ, ಗಂಟೆಗಳಲ್ಲಿ ಜೀವ ಹೋಗುತ್ತದೆ.
- ತುಟಿ, ಕಣ್ಣಿನ ಸುತ್ತ ದಿಢೀರನೆ ಬಾವು, ಉಸಿರಾಟಕ್ಕೆ ಒದ್ದಾಟ.
- ಫಿಟ್ಸ್, ಕುಸಿದು ಬೀಳುವುದು, ಕುಡಿದವರ ಹಾಗೆ ತೂರಾಡುವುದು.
- ವಸಡು ಬಿಳಿಚಿಕೊಂಡಿದೆ ಅಥವಾ ನೀಲಿಯಾಗಿದೆ.
- ವಾಂತಿಯಲ್ಲಿ ರಕ್ತ, ಇಲ್ಲವೇ ಡಾಂಬರಿನಂಥ ಕಪ್ಪು ಮಲ.
- ದ್ರಾಕ್ಷಿ, ಚಾಕೊಲೇಟ್, ಶುಗರ್‌ಫ್ರೀ ಚೂಯಿಂಗ್ ಗಮ್ ಅಥವಾ ಇಲಿಪಾಷಾಣ ಹೊಟ್ಟೆಗೆ ಹೋಗಿದ್ದು ಖಾತ್ರಿ. ನಾಯಿ ಆಡಿಕೊಂಡಿದ್ದರೂ ಹೊರಡಿ.

ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಉಪಾಯ. ಅದು ವಿಷಕ್ಕಿಂತ ಮೊದಲು ಉಪ್ಪಿನಿಂದಲೇ ನಾಯಿಯನ್ನು ಕೊಲ್ಲಬಲ್ಲದು. ನಾವು ನುಂಗುವ ಜ್ವರ-ನೋವಿನ ಮಾತ್ರೆಗಳನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ನಾಯಿಗೆ ಅಪಾಯ. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚಬಹುದು, ಬೆಡ್‌ಶೀಟ್‌ನಲ್ಲಿ ಸುತ್ತಿ ಎತ್ತಿ. ಆದರೆ ವಾಂತಿ ಮಾಡುತ್ತಿರುವ ನಾಯಿಯ ಬಾಯಿ ಕಟ್ಟಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಲಕ್ಷಣ: ತಿರುಗಾಡಿ ಬಂದ ಮೇಲೆ ತಟ್ಟೆ ಮುಟ್ಟುತ್ತಿಲ್ಲ

ಇದು ಬಹಳ ಸಲ ಸಣ್ಣ ವಿಷಯ, ಪರೀಕ್ಷೆಗೆ ಬಿಡಿಗಾಸೂ ಬೇಡ. ಮೊದಲು ಬಾಯಿಯ ವಾಸನೆ ನೋಡಿ. ಪಥ್ಯದ ಕಾಳು ತಿನ್ನುವ ನಾಯಿಯ ಬಾಯಿಗೆ ಒಂದು ಗೊತ್ತಿರುವ ವಾಸನೆ ಇರುತ್ತದೆ. ಕರಿದ ಎಣ್ಣೆ, ತುಪ್ಪ, ಮಸಾಲೆ ಬಂದರೆ ಮೂಗಿಗೆ ತಿಳಿದೇ ತಿಳಿಯುತ್ತದೆ. ಆಮೇಲೆ ಗಲ್ಲದ ಕೆಳಗಿನ ಕೂದಲು, ತುಟಿಯ ಮಡಿಕೆ. ಬೆಳ್ಳಿಯ ಕೆಳತುಟಿಯ ಸಂದಿಯಲ್ಲಿ ನನಗೆ ಸಿಕ್ಕಿದ್ದೆಂದರೆ ಬಿಸ್ಕೆಟ್ ಪುಡಿ, ಒಂದು ಸಲ ಅರ್ಧ ಪುಟಾಣಿ, ಇನ್ನೊಂದು ಸಲ ಕರಿಬೇವಿನ ಎಲೆ. ಕರಿಬೇವು ಸಿಕ್ಕ ದಿನ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ, ನೇರ ಒಗ್ಗರಣಿ ಬಂಡಿಗೆ ಹೋದೆ.

ಮೂರನೆಯದು, ಕರೆದುಕೊಂಡು ಹೋದವರನ್ನು ಕೇಳುವುದು. ಇಲ್ಲಿ ಜಾಣತನ ಬೇಕು. ‘ಏನಾದರೂ ತಿನ್ನಿಸಿದ್ಯಾ?’ ಎಂದು ಕೇಳಿದರೆ ಮಕ್ಕಳಿರಲಿ, ಮನೆ ಯಜಮಾನರೂ ಇಲ್ಲ ಅನ್ನುತ್ತಾರೆ. ‘ಯಾರ್ಯಾರು ಮಾತಾಡಿಸಿದರು?’ ಎಂದು ಕೇಳಿ. ಹೆಸರು ಬಂದರೆ ತಿಂಡಿಯೂ ತಾನಾಗಿ ಬರುತ್ತದೆ.

ನಾಯಿ ಲವಲವಿಕೆಯಿಂದ ಇದ್ದು, ನೀರು ಕುಡಿಯುತ್ತಾ, ಊಟ ಮಾತ್ರ ಬಿಟ್ಟಿದ್ದರೆ ಮುಂದಿನ ಊಟದವರೆಗೆ ಕಾಯಬಹುದು. ಎರಡು ಊಟ ತಪ್ಪಿದರೆ ಡಾಕ್ಟರಿಗೆ ಫೋನ್ ಮಾಡಿ. ಇನ್ಸುಲಿನ್ ಮೇಲಿರುವ ನಾಯಿಗೆ ಈ ಕಾಯುವ ಲೆಕ್ಕ ಇಲ್ಲ. ಹೊರಗೆ ಏನೋ ತಿಂದು ಮನೆಯಲ್ಲಿ ಊಟ ಬಿಟ್ಟ ಸಕ್ಕರೆ ಕಾಯಿಲೆಯ ನಾಯಿಗೆ ಎಂದಿನ ಇಂಜೆಕ್ಷನ್ ಚುಚ್ಚಿಬಿಟ್ಟರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂಬುದನ್ನು ಸೂಜಿ ಕೈಗೆತ್ತಿಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ.

ಲಕ್ಷಣ: ಕೆರೆತ, ಕಿವಿ ಒದರುವುದು, ಪಾದ ನೆಕ್ಕುವುದು

ನನ್ನ ಒಂದೂವರೆ ವರ್ಷ ತಿಂದದ್ದು ಇದೇ ಲಕ್ಷಣ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಉಣ್ಣಿ ನೋಡಿ. ಕಿವಿಯ ಒಳಮಡಿಕೆ, ಕಾಲ್ಬೆರಳಿನ ಸಂದಿ, ಬಾಲದ ಬುಡ. ಒಂದು ಬಿಳಿ ಟವೆಲ್ ಹಾಸಿ ನಾಯಿಯನ್ನು ನಿಲ್ಲಿಸಿ ಬಾಚಣಿಗೆ ಆಡಿಸಿ. ಉದುರಿದ ಕಪ್ಪು ಪುಡಿಯ ಮೇಲೆ ನೀರು ಚಿಮುಕಿಸಿದಾಗ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಉಣ್ಣಿ, ಚಿಗಟ ಇರುವಾಗ ಊಟವನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯದು ನಮ್ಮ ಊರಿನ ಕೆಂಪು ಧೂಳು. ಸಂಡೂರಿನ ಕಡೆಯಿಂದ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹೋಗಿಬಂದ ಬಿಳಿ ನಾಯಿಯ ಪಾದ ಕೆಂಪಾಗುವುದು ಸಹಜ. ಬೆಳ್ಳಿಯ ಮುಂಗಾಲು ಕೆಂಪಾದದ್ದು ಧೂಳಿಗೇ ಎಂದು ನಾವು ತಿಂಗಳುಗಟ್ಟಲೆ ನಂಬಿದ್ದೆವು. ಡಾಕ್ಟರು ಒಂದು ಮಗ್ ನೀರು ತರಿಸಿ ಪಾದ ತೊಳೆದು ತೋರಿಸಿದರು. ಕೆಂಪು ನೀರು ಹರಿದು ಹೋಯಿತು, ಬೆರಳ ಸಂದಿಯ ಕೂದಲು ಮಾತ್ರ ತುಕ್ಕಿನ ಬಣ್ಣದಲ್ಲೇ ಉಳಿಯಿತು. ಧೂಳು ತೊಳೆದರೆ ಹೋಗುತ್ತದೆ, ಎಂಜಲ ಕಲೆ ಹೋಗುವುದಿಲ್ಲ. ನಾಯಿಯ ಜೊಲ್ಲಿನಲ್ಲಿರುವ ಪೋರ್ಫೈರಿನ್ ಎಂಬ ಬಣ್ಣದ ಅಂಶ, ಮೇಲಿಂದ ಮೇಲೆ ನೆಕ್ಕಿದ ಜಾಗದಲ್ಲಿ ಹೀಗೆ ಕಲೆ ಕಟ್ಟುತ್ತದೆ. ಅಂದರೆ ನಾವು ನೋಡದಿರುವಾಗ, ಬಹುಶಃ ರಾತ್ರಿಯಿಡೀ, ಅವಳು ಪಾದ ನೆಕ್ಕುತ್ತಿದ್ದಳು.

ಉಣ್ಣಿಯೂ ಅಲ್ಲ, ಧೂಳೂ ಅಲ್ಲ ಅಂದಾಗ ಊಟದ ಸರದಿ. ನಾಯಿಗಳಲ್ಲಿ ಊಟದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ರಕ್ತ ಪರೀಕ್ಷೆ ಇದನ್ನು ನೆಚ್ಚುವ ಹಾಗೆ ಹೇಳುವುದಿಲ್ಲ. ನೆಚ್ಚಬಹುದಾದ ದಾರಿ ಒಂದೇ: ಎಂಟರಿಂದ ಹನ್ನೆರಡು ವಾರ ಕಟ್ಟುನಿಟ್ಟಾಗಿ ಒಂದೇ ಆಹಾರ, ಆಮೇಲೆ ಹಳೆಯ ಊಟ ಕೊಟ್ಟು ಕೆರೆತ ಮರಳುತ್ತದೆಯೇ ನೋಡುವುದು. ಮರಳುವುದಾದರೆ ಕೆಲವು ಗಂಟೆಗಳಿಂದ ಎರಡು ವಾರದೊಳಗೆ ಮರಳುತ್ತದೆ. ಈ ಎಂಟು ವಾರದ ನಡುವೆ ಯಾರೋ ಪುಣ್ಯಾತ್ಮರು ಒಂದು ಪೇಡೆ ಬಾಯಿಗಿಟ್ಟರೆ ಅಷ್ಟೂ ದಿನದ ಕಾಳು, ದುಡ್ಡು, ತಾಳ್ಮೆ ನೀರುಪಾಲು. ಊಟ ಸರಿಯಿಲ್ಲ ಎಂದು ಡಾಕ್ಟರು ಇನ್ನೂ ದುಬಾರಿಯದ್ದಕ್ಕೆ ಬದಲಿಸುತ್ತಾರೆ. ತಪ್ಪು ಅವರದ್ದಲ್ಲ, ಪೇಡೆಯ ವಿಷಯ ಅವರಿಗೆ ನಾವು ಹೇಳಿರುವುದಿಲ್ಲ. ನಮಗೇ ಗೊತ್ತಿರುವುದಿಲ್ಲ.

ನಮ್ಮ ಮನೆಯಲ್ಲಿ ಅದು ಸಿಕ್ಕಿಬಿದ್ದದ್ದು ಕ್ಯಾಲೆಂಡರಿನಲ್ಲಿ. ಹೆಂಡತಿ ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ, ಬೆಳ್ಳಿ ಜಾಸ್ತಿ ಕೆರೆದುಕೊಂಡ ದಿನ ಕೆಂಪು ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾ ಬಂದೆ. ಬೇರೆ ಏನೂ ಬರೆಯಲಿಲ್ಲ. ಆರು ವಾರ ಕಳೆದು ಎರಡು ಹಾಳೆ ಅಕ್ಕಪಕ್ಕ ಇಟ್ಟು ನೋಡಿದರೆ ಚುಕ್ಕೆಗಳೆಲ್ಲ ಬುಧವಾರ, ಗುರುವಾರದ ಸಾಲಿನಲ್ಲೇ ಗುಂಪುಗೂಡಿದ್ದವು. ಹಾಗಾದರೆ ಮಂಗಳವಾರ ಏನು? ಮಂಗಳವಾರ ನನಗೆ ಅಂಗಡಿಯಲ್ಲಿ ತಡವಾಗುತ್ತದೆ, ಮಗ ಕರೆದುಕೊಂಡು ಹೋಗುತ್ತಾನೆ. ಮಂಗಳವಾರವೇ ಕನಕ ದುರ್ಗಮ್ಮನ ಗುಡಿಗೆ ಜನ. ಮುಂದಿನ ಮಂಗಳವಾರ ಅಂಗಡಿಯ ಶಟರ್ ಬೇಗ ಎಳೆದು ಹಿಂದಿನಿಂದ ಹೋದೆ. ಮಗನ ಕಣ್ಣು ಮೊಬೈಲಿನಲ್ಲಿ, ಬೆಳ್ಳಿಯ ಹಗ್ಗ ಸಡಿಲ, ಹೂವಿನಂಗಡಿ ಪಕ್ಕದ ಕಟ್ಟೆಯ ಮೇಲೆ ಒಬ್ಬ ಅಜ್ಜಿ. ಸೆರಗಿನ ಗಂಟು ಬಿಚ್ಚಿ, ಎಣ್ಣೆ ಹೀರಿದ ಕಾಗದ ಬಿಡಿಸಿ, ಪೇಡೆಯನ್ನು ಎರಡು ಭಾಗ ಮಾಡಿ ಅರ್ಧ ತನ್ನ ಬಾಯಿಗೆ, ಅರ್ಧ ಬೆಳ್ಳಿಯ ಬಾಯಿಗೆ. ಬೆಳ್ಳಿ ಆಗಲೇ ಕೂತುಬಿಟ್ಟಿದ್ದಳು. ನಾನು ಹೇಳಿದರೆ ಮೂರು ಸಲಕ್ಕೆ ಕೂರುವ ನಾಯಿ.

ನೀವೂ ಚುಕ್ಕೆ ಇಡಿ. ದೊಡ್ಡ ಡೈರಿ ಬೇಡ, ಬರೆಯಲು ಬೇಸರವಾಗಿ ನಾಲ್ಕನೇ ದಿನ ಬಿಡುತ್ತೀರಿ. ಚುಕ್ಕೆ ವಾರದ ಒಂದೇ ದಿನಕ್ಕೆ ಅಂಟಿಕೊಂಡರೆ ದಾರಿಯ ಸೋರಿಕೆ. ತಿಂಗಳಿಗೊಮ್ಮೆ ಬಂದರೆ ಔಷಧಿಯ ಕವರ್ ನೋಡಿ: ಉಣ್ಣಿಗೆ, ಜಂತುಹುಳಕ್ಕೆ ಕೊಡುವ ಅಗಿಯುವ ಮಾತ್ರೆಗಳಲ್ಲಿ ಹಲವಕ್ಕೆ ಮಾಂಸದ ರುಚಿ ಕಟ್ಟಿರುತ್ತಾರೆ. ಪೇಡೆ ನಿಂತ ಮೇಲೂ ನಮ್ಮಲ್ಲಿ ತಿಂಗಳಿಗೊಂದು ಚುಕ್ಕೆ ಉಳಿದಿತ್ತು. ಆ ಮಾತ್ರೆ ಕೊಡುತ್ತಿದ್ದವನು ನಾನೇ, ಬೆನ್ನು ತಟ್ಟಿ, ‘ಜಾಣೆ’ ಅನ್ನುತ್ತಾ. ಡಾಕ್ಟರು ಚರ್ಮದ ಮೇಲೆ ಹಚ್ಚುವ ಔಷಧಿಗೆ ಬದಲಿಸಿದರು. ಚುಕ್ಕೆಗಳು ಲೆಕ್ಕವೇ ಇಲ್ಲದೆ ದಿನವೂ ಬಿದ್ದರೆ ಸೋರಿಕೆ ಮನೆಯೊಳಗಿದೆ, ಇಲ್ಲವೇ ಅದು ಊಟದ ಅಲರ್ಜಿಯೇ ಅಲ್ಲ.

ಕಿವಿಯಿಂದ ಕೆಟ್ಟ ವಾಸನೆ, ಕಂದು ಮೇಣ, ತಲೆ ಒಂದೇ ಕಡೆ ವಾಲಿಸುವುದು ಕಂಡರೆ ಮನೆಮದ್ದು ನಿಲ್ಲಿಸಿ. ಬಿಸಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಕಿವಿಯ ಪರದೆ ಹರಿದಿದ್ದರೆ ಅದು ದೊಡ್ಡ ಅನಾಹುತ.

ಲಕ್ಷಣ: ವಾಂತಿ, ಹೊಟ್ಟೆನೋವು, ನಮಸ್ಕಾರದ ಭಂಗಿ

ಒಂದು ಸಲ ವಾಂತಿಯಾಗಿ ನಾಯಿ ಬಾಲ ಅಲ್ಲಾಡಿಸುತ್ತಾ ಓಡಾಡಿಕೊಂಡಿದ್ದರೆ ಗಾಬರಿ ಬೇಡ. ವಾಂತಿಯನ್ನು ಕಡ್ಡಿಯಿಂದ ಕೆದಕಿ ನೋಡಿ, ಫೋಟೊ ತೆಗೆಯಿರಿ, ಆಮೇಲೆ ತೊಳೆಯಿರಿ. ತೊಳೆದ ಮೇಲೆ ಅದರಲ್ಲಿ ಏನಿತ್ತು ಎಂದು ಡಾಕ್ಟರು ಕೇಳಿದರೆ ಉತ್ತರ ಇರುವುದಿಲ್ಲ. ಕೆಲವು ಗಂಟೆ ಹೊಟ್ಟೆಗೆ ಬಿಡುವು ಕೊಟ್ಟು, ನೀರನ್ನು ಸ್ವಲ್ಪ ಸ್ವಲ್ಪವೇ ಇಡಿ. ಮರಿಗಳನ್ನು, ಸಕ್ಕರೆ ಕಾಯಿಲೆಯ ನಾಯಿಗಳನ್ನು ಮಾತ್ರ ಉಪವಾಸ ಕೆಡವಬೇಡಿ. ಮೊಸರನ್ನ, ಗಂಜಿಗೆ ಹಾಲು, ಬ್ರೆಡ್ಡು ಇವೆಲ್ಲ ಬೇರೆ ನಾಯಿಗೆ ಸರಿ ಇರಬಹುದು. ಪಥ್ಯದ ನಾಯಿಗೆ ಹೊಟ್ಟೆ ಕೆಟ್ಟಾಗಲೂ ಅದರದ್ದೇ ಊಟ.

ವಾಂತಿ ಮೇಲಿಂದ ಮೇಲೆ ಆಗುತ್ತಿದ್ದರೆ, ನೀರೂ ನಿಲ್ಲದಿದ್ದರೆ ಕಥೆ ಬೇರೆ. ನಾಯಿ ಮುಂಗಾಲು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗ ಎತ್ತಿ ನಿಲ್ಲುತ್ತದೆಯೇ ನೋಡಿ. ಆಟಕ್ಕೆ ಕರೆಯುವ ನಾಯಿಯೂ ಹೀಗೇ ನಿಲ್ಲುತ್ತದೆ. ಆದರೆ ಆಟದ ನಾಯಿ ಮರುಕ್ಷಣ ಜಿಗಿಯುತ್ತದೆ, ಹೊಟ್ಟೆನೋವಿನ ನಾಯಿ ಹಾಗೇ ನಿಂತಿರುತ್ತದೆ. ಬೆಳ್ಳಿ ಹೀಗೆ ನಿಂತಾಗ ನಾವು ‘ನೋಡ್ರಿ, ನಮಸ್ಕಾರ ಮಾಡ್ತಾಳೆ’ ಎಂದು ನಕ್ಕಿದ್ದೆವು. ಹಿಂದಿನ ಸಂಜೆ ಒಂದು ಮದುವೆ ಮನೆಯ ಹಿಂಭಾಗದಲ್ಲಿ ಯಾರೋ ಅವಳಿಗೆ ಮಟನ್ನಿನ ಕೊಬ್ಬು, ಎಣ್ಣೆ ಮೆತ್ತಿದ ಎಲೆ ಎಲ್ಲಾ ಹಾಕಿದ್ದರು. ಕೊಬ್ಬಿನ ಊಟ ಮೇದೋಜೀರಕ ಗ್ರಂಥಿಯನ್ನು ಕೆರಳಿಸಿದಾಗ ಆಹಾರ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸಲು ಶುರು ಮಾಡುತ್ತದೆ. ಲಕ್ಷಣ ಅದೇ ದಿನವೂ ಬರಬಹುದು, ಎರಡು ದಿನ ಬಿಟ್ಟೂ ಬರಬಹುದು. ಒಂದು ಮಿರ್ಚಿ ಭಜ್ಜಿ ನಮಗೆ ಚಹಾದ ಜೊತೆಗಿನ ಚಪಲ. ಹಿಂದೆ ಒಮ್ಮೆ ಈ ಕಾಯಿಲೆ ಬಂದ ಹತ್ತು ಕಿಲೋ ನಾಯಿಗೆ ಅದೇ ಸಾಕು. ಬೆನ್ನು ಗೂನಾಗಿ, ಹೊಟ್ಟೆ ಮುಟ್ಟಿದರೆ ಗುರ್ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಮೇ ತಿಂಗಳಲ್ಲಿ ಇನ್ನೊಂದು ಗೊಂದಲ ಇದೆ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದ ದಿನ ನಾಯಿ ವಾಂತಿ ಮಾಡಿ, ಜೋರಾಗಿ ತೇಕುತ್ತಾ ಮಲಗಿದರೆ ಅದು ತಿಂಡಿಯದ್ದಲ್ಲದೆ ಬಿಸಿಲಿನದ್ದೂ ಆಗಿರಬಹುದು. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದ್ದರೆ ಮೈಗೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಒದ್ದೆ ಮೈಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಲಕ್ಷಣ: ಭೇದಿ

ಒಂದೆರಡು ಸಲ ತೆಳುವಾಗಿ, ನಾಯಿ ಚುರುಕಾಗಿದ್ದರೆ ಒಂದು ದಿನ ನೋಡಬಹುದು. ರಕ್ತ ಇದ್ದರೆ, ಮರಿಯಾಗಿದ್ದರೆ, ವಾಂತಿಯೂ ಸೇರಿದರೆ ಕಾಯಬೇಡಿ. ಬೇಯಿಸಿದ ಮೂಳೆ ತಿಂದಿದ್ದರೆ ಭೇದಿಗಿಂತ ಮಲ ಕಟ್ಟುವುದು, ತಿಣುಕುವುದು ಹೆಚ್ಚು ಕಾಣಿಸುತ್ತದೆ. ಬೆಂದ ಕೋಳಿ ಮೂಳೆ ಸೂಜಿಯಂತೆ ಸೀಳುತ್ತದೆ, ಇದಕ್ಕೆ ಪಥ್ಯದ ನಾಯಿ, ಬೀದಿ ನಾಯಿ ಎಂಬ ಭೇದವಿಲ್ಲ.

ಲಕ್ಷಣ: ನೀರು ಕುಡಿಯುವುದು, ಮೂತ್ರ ಮಾಡುವುದು ಹೆಚ್ಚಾಗಿದೆ

ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ನಾಯಿಗಳ ಲಕ್ಷಣ ಇದು. ಬಳ್ಳಾರಿ ಬೇಸಿಗೆಯಲ್ಲಿ ಎಲ್ಲ ನಾಯಿಯೂ ಜಾಸ್ತಿಯೇ ಕುಡಿಯುವುದರಿಂದ ಕಣ್ಣಳತೆ ನಂಬಬೇಡಿ. ಬೆಳಿಗ್ಗೆ ಒಂದು ಲೀಟರ್ ಬಾಟಲಿಯಿಂದ ಅಳೆದು ಬಟ್ಟಲಿಗೆ ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ದೇಹದ ಪ್ರತಿ ಕಿಲೋಗೆ 100 ಮಿಲಿಲೀಟರ್‌ಗಿಂತ ಹೆಚ್ಚಾದರೆ ಅದು ಬಿಸಿಲಿನ ದಾಹ ಎಂದು ಸುಮ್ಮನಾಗುವಂತಿಲ್ಲ. 25 ಕಿಲೋ ನಾಯಿಗೆ ಎರಡೂವರೆ ಲೀಟರ್. ಎರಡು ದಿನ ಹೀಗೇ ಬಂದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.

ಸೋರಿಕೆ ಹುಡುಕುವಾಗ ಸಕ್ಕರೆಯ ನಾಯಿಗೆ ಬನ್, ರಸ್ಕ್, ಗ್ಲೂಕೋಸ್ ಬಿಸ್ಕೆಟ್. ಕಿಡ್ನಿಯ ನಾಯಿಗೆ ಉಪ್ಪಿನ ಖಾರ, ಚಿಪ್ಸ್, ಮಾಂಸದ ಚೂರು, ಈ ಕಡೆಯಿಂದ ಯೋಚಿಸಿ. ಕಿಡ್ನಿಯ ಊಟದಲ್ಲಿ ರಂಜಕ (ಫಾಸ್ಫರಸ್) ಕಡಿಮೆ ಇಡುತ್ತಾರೆ. ಮಾಂಸ, ಮೂಳೆ, ಹಾಲಿನಲ್ಲಿ ಅದೇ ಜಾಸ್ತಿ.

ಇನ್ಸುಲಿನ್ ನಾಯಿ ತೂರಾಡುತ್ತಿದ್ದರೆ, ನಡುಗುತ್ತಿದ್ದರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ. ಜೇನು ಅಥವಾ ಸಕ್ಕರೆ ನೀರನ್ನು ಬೆರಳಿನಿಂದ ವಸಡಿಗೆ ಸವರಿ, ದಾರಿಯಲ್ಲೇ ಫೋನ್ ಮಾಡುತ್ತಾ ಹೊರಡಿ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ಏನನ್ನೂ ಸುರಿಯಬೇಡಿ.

ಲಕ್ಷಣ: ವಸಡು ಬಿಳಿ, ಮೂತ್ರ ಕಾಫಿ ಬಣ್ಣ

ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಕಪ್ಪು ವಸಡಿನ ನಾಯಿಯಾದರೆ ಕೆಳಗಿನ ಕಣ್ಣುರೆಪ್ಪೆಯ ಒಳಬದಿ ನೋಡಿ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಗುಣ ಹೋಗುವುದಿಲ್ಲ. ಬಿರಿಯಾನಿ ಮಸಾಲೆ, ಎಗ್ ಬುರ್ಜಿ, ಒಗ್ಗರಣಿ ಎಲ್ಲದರಲ್ಲೂ ಇವು ಇವೆ. ಮೋಸವೆಂದರೆ ಲಕ್ಷಣ ತಿಂದ ದಿನ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಕಾಣುತ್ತದೆ. ಅಷ್ಟರಲ್ಲಿ ತಿಂದದ್ದು ಮರೆತುಹೋಗಿರುತ್ತದೆ. ಇದೇ ಬಿಳಿ ವಸಡು, ಇದೇ ಕಾಫಿ ಮೂತ್ರ ಉಣ್ಣಿ ಜ್ವರದಲ್ಲೂ ಬರುತ್ತದೆ, ಮತ್ತು ನಮ್ಮ ಕಡೆ ಉಣ್ಣಿ ಜ್ವರ ಅಪರೂಪವಲ್ಲ. ಮನೆಯಲ್ಲಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ, ರಕ್ತ ಪರೀಕ್ಷೆಯೇ ಬೇಕು. ಆ ದಿನವೇ.

ಲಕ್ಷಣ ಏನೂ ಇಲ್ಲ, ಆದರೆ ತಿಂದದ್ದು ಕಂಡಿದ್ದೀರಿ

ಇಲ್ಲಿ ಲಕ್ಷಣಕ್ಕೆ ಕಾಯುವುದೇ ತಪ್ಪು. ಕೇಸರಿಬಾತು, ಪಾಯಸ, ಲಾಡಿನ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯ ಎಂಬ ನೆಚ್ಚುವ ಅಳತೆ ಇಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕು ಎಂದು ಪಶುವೈದ್ಯರು 2021ರಿಂದ ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಯಲ್ಲೂ ತುಂಬಿದೆ. ಹಾಗಾಗಿ ಪ್ರಸಾದದ ಪುಳಿಯೋಗರೆ, ಹುಣಸೆ ತೊಕ್ಕು ಕೂಡ ಈ ಪಟ್ಟಿಗೆ ಸೇರುತ್ತವೆ. ಇದು ಗೊತ್ತಾದ ದಿನ ನಾನು ನಮ್ಮ ಅಡುಗೆಮನೆಯ ಜಾಡಿಯನ್ನೇ ಮೇಲಿನ ಅಟ್ಟಕ್ಕೆ ಏರಿಸಿದೆ. ಚಾಕೊಲೇಟ್ ಎಷ್ಟು ಕಪ್ಪೋ ಅಷ್ಟು ವಿಷ. ಶುಗರ್‌ಫ್ರೀ ಗಮ್‌ನಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಇದ್ದರೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ತಿಂದು ಎರಡು ಗಂಟೆಯೊಳಗೆ ತಲುಪಿದರೆ ಡಾಕ್ಟರು ಸುರಕ್ಷಿತವಾಗಿ ವಾಂತಿ ಮಾಡಿಸಬಲ್ಲರು.

ಹೋಗುವಾಗ ತಿಂಡಿಯ ಕವರ್ ಅಥವಾ ಮಿಕ್ಕ ಚೂರು, ವಾಂತಿಯ ಫೋಟೊ, ತಿಂದ ಗಂಟೆ, ನಾಯಿಯ ತೂಕ, ಈಗ ಕೊಡುತ್ತಿರುವ ಔಷಧಿಗಳ ಹೆಸರು ಇರಲಿ. ಕೊಟ್ಟವರ ಮೇಲಿನ ಸಿಟ್ಟು ಮನೆಯಲ್ಲಿರಲಿ, ಸಾಧ್ಯವಾದರೆ ಅವರನ್ನೇ ಫೋನಿನಲ್ಲಿ ಮಾತಾಡಿಸಿ. ಅದರಲ್ಲಿ ಏನೇನು ಹಾಕಿದ್ದರು ಎಂಬುದು ಅವರಿಗೇ ಗೊತ್ತು. ಹಳ್ಳಿಗಳಲ್ಲಿರುವವರಿಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೌಲಭ್ಯ ಇದೆ. ಆದರೆ ವಿಷದ ವಿಷಯದಲ್ಲಿ ನಿಮ್ಮ ಹತ್ತಿರ ಗಾಡಿ ಇದ್ದರೆ ಯಾವುದನ್ನೂ ಕಾಯಬೇಡಿ.

ಸೋರಿಕೆ ಮುಚ್ಚುವುದು

ಮೊದಲ ಅನುಮಾನ ಮನೆಯವರ ಮೇಲೆಯೇ ಇರಲಿ. ಹಾಲಿನವನು, ಪಾತ್ರೆ ತೊಳೆಯುವ ಅಕ್ಕ, ಟ್ಯೂಷನ್ನಿಗೆ ಬರುವ ಮಕ್ಕಳು, ರೊಟ್ಟಿ ಬಡಿಯುವಾಗ ಒಂದು ಚೂರು ಎಸೆಯುವ ನಮ್ಮವ್ವ. ಆಮೇಲೆ ದಾರಿ: ಒಂದು ವಾರ ಬೇರೆ ರಸ್ತೆ, ಬೇರೆ ಸಮಯ ಹಿಡಿಯಿರಿ. ಬಂಡಿಗಳು ಎಣ್ಣೆ ಇಡುವ ಮೊದಲು, ಬೆಳಿಗ್ಗೆ ಐದೂವರೆಗೆ ಕೋಟೆ ಗುಡ್ಡದ ಕಡೆ ಹೋದರೆ ನೆಲದ ಮೇಲೂ ಏನೂ ಬಿದ್ದಿರುವುದಿಲ್ಲ. ಲಕ್ಷಣ ಕಡಿಮೆಯಾದರೆ ಸೋರಿಕೆ ಹಳೆಯ ದಾರಿಯಲ್ಲಿತ್ತು. ಹಗ್ಗ ಗಿಡ್ಡ ಹಿಡಿಯುವುದು, ‘ಬಿಡು’ ಎಂಬ ಮಾತು ಕಲಿಸುವುದು ಇವುಗಳಿಂದಲೂ ಉಪಯೋಗವಿದೆ, ಪೂರ್ತಿ ಅಲ್ಲ. ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಸಮಾಧಾನ: 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವು ತಣಿಯುವ ಸಂಕೇತಕ್ಕೆ ಬೇಕಾದ ಒಂದು ಜೀನ್‌ನ ತುಣುಕು ಕಾಣೆಯಾಗಿದೆ ಎಂದು ತೋರಿಸಿದರು. ನಿಮ್ಮ ಪಾಲನೆಯ ದೋಷ ಅಲ್ಲದೆಯೂ ಇರಬಹುದು.

ಬಾಯಿಗೆ ಬುಟ್ಟಿ ಹಾಕುವುದಾದರೆ ಬುಟ್ಟಿಯಂಥದ್ದೇ ಬೇಕು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ಹಾಕಿದರೆ ನಾಯಿ ತೇಕಲು ಆಗದೆ ನಮ್ಮ ಬಿಸಿಲಿಗೆ ಕುಸಿಯುತ್ತದೆ. ಬುಟ್ಟಿಯ ಸಂದಿಯಿಂದಲೇ ಬಿಸ್ಕೆಟ್ ತೂರಿಸಿದವರನ್ನೂ ಕಂಡಿದ್ದೇನೆ, ‘ಪಾಪ, ಬಾಯಿ ಕಟ್ಟ್ಯಾರ’ ಎಂಬ ಕನಿಕರದ ಜೊತೆ.

ಕೊನೆಗೂ ಮಾತೇ ಬೇಕು. ‘ಅಲರ್ಜಿ’ ಎಂದು ಹೇಳಿ ನೋಡಿದೆ, ‘ನಾಯಿಗೇನ್ ಅಲರ್ಜಿ ಬಿಡ್ರಿ’ ಎಂದು ನಕ್ಕರು. ‘ಪಥ್ಯ’ ಎಂದ ಕೂಡಲೇ ಕೈ ಹಿಂದಕ್ಕೆ ಹೋಗುತ್ತದೆ. ಪಥ್ಯ ಮಾಡದ ಮನೆ ಯಾವುದಿದೆ? ಕೊರಳಪಟ್ಟಿಗೆ ‘ನನಗೆ ಪಥ್ಯ, ತಿನ್ನಲು ಕೊಡಬೇಡಿ’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಕೌಲ್ ಬಜಾರ್ ಕಡೆ ಹೋಗುವವರು ಉರ್ದುವಿನಲ್ಲೂ, ಉಳಿದ ಕಡೆ ತೆಲುಗಿನಲ್ಲೂ ಬರೆಸಿದರೆ ಒಳ್ಳೆಯದು, ನಮ್ಮ ಊರು ಹಾಗೆ.

ಪೇಡೆಯ ಅಜ್ಜಿಗೆ ಮಾತ್ರ ಪಥ್ಯದ ಮಾತೂ ನಾಟಲಿಲ್ಲ. ‘ಮೈಲಾರಲಿಂಗನ ಪ್ರಾಣಿ ಐತದು. ಅದಕ್ಕ ಹಾಕದ ನಾನೆಂಗ ತಿನ್ಲಿ?’ ಅಂದರು. ಮೈಲಾರಲಿಂಗನ ಭಕ್ತರಾದ ಗೊರವರು ದೋಣಿ ಎಂಬ ಪಾತ್ರೆಯಲ್ಲಿ ಪ್ರಸಾದ ಇಡುವ ದೋಣಿ ಸೇವೆಯಲ್ಲಿ ತಾವೇ ನಾಯಿಯಂತೆ ಬೊಗಳುತ್ತಾ ಉಣ್ಣುವುದನ್ನು ನೋಡುತ್ತಾ ಬೆಳೆದವರಿಗೆ ನಾನು ಯಾವ ಮೇದೋಜೀರಕದ ಪಾಠ ಹೇಳಲಿ? ಜಗಳ ಆಡಿದ್ದರೆ ಅವರು ನಾನಿಲ್ಲದಾಗ ಕೊಡುತ್ತಿದ್ದರು. ಕೈ ತಡೆಯುವುದು ಬಿಟ್ಟು ಕೈಯಲ್ಲಿರುವುದನ್ನು ಬದಲಿಸಿದೆ. ಬೆಳ್ಳಿಯ ದಿನದ ಪಾಲಿನಿಂದಲೇ ಇಪ್ಪತ್ತು ಕಾಳು ತೆಗೆದು ಒಂದು ಕುಂಕುಮದ ಡಬ್ಬಿಗೆ ಹಾಕಿ, ‘ಅಜ್ಜಿ, ಇದ ಅವಳ ಪ್ರಸಾದ, ನೀವ ಹಾಕ್ರಿ’ ಎಂದು ಕೊಟ್ಟೆ. ಅಜ್ಜಿ ಒಂದು ಕಾಳು ಮೂಸಿ ನೋಡಿ ಮುಖ ಸಿಂಡರಿಸಿದರು. ಆದರೂ ಹಾಕಿದರು, ಒಂದೊಂದೇ. ಬೆಳ್ಳಿ ಅದಕ್ಕೂ ಹಾಗೇ ಕೂತಳು.

ಈಗ ಪ್ರತಿ ಮಂಗಳವಾರ ಡಬ್ಬಿ ಬದಲಾಗುತ್ತದೆ, ಖಾಲಿಯದು ನಮಗೆ, ತುಂಬಿದ್ದು ಅವರಿಗೆ. ಮೊನ್ನೆ ಮಗ ಅವಸರದಲ್ಲಿ ತುಂಬಿಕೊಟ್ಟಿದ್ದ. ಅಜ್ಜಿ ಕಟ್ಟೆಯ ಮೇಲೆ ಸುರುವಿ ಎಣಿಸಿ, ನನ್ನ ಮುಖ ನೋಡಿದರು: ‘ಹದಿನೆಂಟ ಅದಾವಲ್ಲಪ್ಪ. ಇನ್ನೆರಡು ಎಲ್ಲಿ?’